ಅರವತ್ತೊಂದನೇ ನಂಬರಿಗೆ ಸೆಳೆತವಿಲ್ಲ

ಜೂನ್ 3

ಅಣ್ಣನಿಗೆ ತಂಗಿಯ ನಮಸ್ಕಾರ.

ಫೋನಿನಲ್ಲಿ ಏನಾದರೂ ಕೇಳಿದರೆ ನೀನು ಹ್ಞೂಂ ಅನ್ನುತ್ತೀಯ. ಹಿಂದೆ ಕತ್ತರಿಯ ಸದ್ದು ಕೇಳಿಸುತ್ತದೆ. ಯಾರದೋ ಕಾಲಿಗೆ ಬ್ಯಾಂಡೇಜು ಸುತ್ತುತ್ತಿದ್ದೀಯ ಅಂತ ಗೊತ್ತಾಗುತ್ತದೆ. ಆ ಹ್ಞೂಂ ನನಗೋ ಆ ಕಾಲಿಗೋ ತಿಳಿಯುವುದಿಲ್ಲ. ಪತ್ರವಾದರೆ ನೀನು ಎರಡು ಸಲ ಓದುತ್ತೀಯ, ಚಿಕ್ಕಮ್ಮನಿಗೂ ಒಮ್ಮೆ ಗಟ್ಟಿಯಾಗಿ ಓದಿ ಹೇಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಡ್ರೆಸ್ಸಿಂಗ್ ಕೋಣೆಯ ನೋಟುಬುಕ್ಕುಗಳು ನನಗೆ ಬೇಕು. ಹನ್ನೊಂದು ವರ್ಷದವೂ.

ನಗಬೇಡ. ಮನುಷ್ಯರು ಆಡುವ ಭಾಷೆಯನ್ನು ಕಂಪ್ಯೂಟರಿಗೆ ಓದಲು ಕಲಿಸುವುದು ನನ್ನ ಕೆಲಸ ಅಂತ ನಿನಗೆ ಗೊತ್ತು. ಈಗ ಹಿಡಿದಿರುವ ವಿಷಯ ಸಕ್ಕರೆ ಕಾಯಿಲೆಯದು. ರಕ್ತದಲ್ಲಿ ಸಕ್ಕರೆ ಏರಿದಾಗ ಮೂತ್ರದ ಜತೆ ಮೆಗ್ನೀಸಿಯಂ, ಸತು ಮುಂತಾದ ಖನಿಜಗಳೂ ಹೊರಟುಹೋಗುತ್ತವೆ. ಅವು ಕಡಿಮೆಯಾದರೆ ಸೆಳೆತ, ನಡುಕ ಬರುತ್ತದೆ, ನರ ಕೆಡುತ್ತದೆ, ಗಾಯ ಮಾಯುವುದಿಲ್ಲ, ಎದೆಬಡಿತ ತಪ್ಪುತ್ತದೆ. ಎಲ್ಲರಿಗೂ ಅದರ ಪರೀಕ್ಷೆ ಮಾಡಿಸುವ ಅನುಕೂಲ ನಿಮ್ಮಂಥ ಸಣ್ಣ ಆಸ್ಪತ್ರೆಗಳಲ್ಲಿ ಇಲ್ಲ. ಆದರೆ ಪರೀಕ್ಷೆಗೆ ಮೊದಲೇ ಮನುಷ್ಯ ಬಾಯಿಬಿಟ್ಟು ಹೇಳಿರುತ್ತಾನೆ, ಕಾಲು ಹೀಗಾಗುತ್ತದೆ, ಕೈ ಹಾಗಾಗುತ್ತದೆ ಅಂತ. ಡಾಕ್ಟರುಗಳು ಅದನ್ನು ಒಂದು ಪದದಲ್ಲಿ ಮುಗಿಸಿಬಿಡುತ್ತಾರೆ. ರೋಗಿಗಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಟ್ಟವನು ನನಗೆ ಗೊತ್ತಿರುವ ಮಟ್ಟಿಗೆ ನೀನೊಬ್ಬನೇ. ಆ ಮಾತುಗಳಿಂದ ಯಾರಿಗೆ ಖನಿಜದ ಕೊರತೆ ಇರಬಹುದು ಅಂತ ಊಹಿಸಲು ಕಂಪ್ಯೂಟರಿಗೆ ಕಲಿಸಬೇಕು. ನಿಮ್ಮ ಡಾಕ್ಟರಮ್ಮನಿಗೆ ಬರೆದಿದ್ದೆ, ಒಪ್ಪಿದ್ದಾರೆ. ಹೆಸರುಗಳು ಮಾತ್ರ ಇರಕೂಡದು.

ನನ್ನ ಜತೆ ಸಂಶೋಧನೆಗೆ ಸೇರಿದವರು ಎರಡೆರಡು ಪ್ರಬಂಧ ಅಚ್ಚುಹಾಕಿಸಿದ್ದಾರೆ. ನಾನು ನಾಲ್ಕನೇ ವರ್ಷದಲ್ಲೂ ಮುನ್ನುಡಿ ತಿದ್ದುತ್ತಾ ಕೂತಿದ್ದೇನೆ. ಕುರ್ಚಿಯಲ್ಲಿ ಅರ್ಧ ಗಂಟೆ ನೆಟ್ಟಗೆ ಕೂರಲಾಗುತ್ತಿಲ್ಲ, ಎದ್ದು ಕಾರಿಡಾರಿನಲ್ಲಿ ಓಡಾಡುತ್ತೇನೆ, ಮತ್ತೆ ಕೂರುತ್ತೇನೆ. ತಡಮಾಡಬೇಡ.

ಚಿಕ್ಕಮ್ಮ ಹೇಗಿದ್ದಾಳೆ? ಬರಿಗಾಲಲ್ಲಿ ಹೊಲಿಗೆ ಮಿಷನ್ನು ತುಳಿಯುವುದನ್ನು ಬಿಟ್ಟಳೇ?

ತಂಗಿ


ಜೂನ್ 14

ಕಡ್ಡಿಗೆ ಅಣ್ಣನ ಆಶೀರ್ವಾದ.

ಪಾರ್ಸಲ್ ನೋಡಿ ಹೆದರಬೇಡ, ಇಪ್ಪತ್ತಾರು ನೋಟುಬುಕ್ಕುಗಳಿವೆ. ಹೆಸರಿನ ಮೇಲೆಲ್ಲ ಕಪ್ಪು ಬಳಿದು ನಂಬರು ಹಾಕಿದ್ದೇನೆ. ನಾಲ್ಕು ಭಾನುವಾರದ ಕೆಲಸವನ್ನು ಒಂದೇ ವಾರದಲ್ಲಿ ಮಾಡಿದ್ದೇನೆ, ಬೆರಳು ಇನ್ನೂ ಕಪ್ಪಗಿದೆ. ಕೆಲವು ಹಾಳೆಗಳ ಮೇಲೆ ಔಷಧದ ಕಲೆಯಿದೆ, ವಾಸನೆ ಬಂದರೆ ನಿನ್ನ ಕಂಪ್ಯೂಟರಿಗೆ ಮೂಗು ಮುಚ್ಚಿಕೊಳ್ಳಲು ಹೇಳು.

ನೀನು ಮಹಾ ಪಂಡಿತೆ, ಆದರೂ ಹೇಳುತ್ತೇನೆ. ಜೋಮು ಬೇರೆ, ಮರಗಟ್ಟುವುದು ಬೇರೆ. ಜೋಮು ಹಿಡಿದರೆ ಕಾಲು ಇನ್ನೂ ಜಗಳವಾಡುತ್ತಿದೆ ಅಂತ ಅರ್ಥ. ಮರಗಟ್ಟಿದರೆ ಜಗಳ ಬಿಟ್ಟಿದೆ. 'ಹತ್ತಿಯ ಮೇಲೆ ನಡೆದ ಹಾಗೆ' ಅಂದವರ ಚಪ್ಪಲಿ ಕಳಚಿಸಿ ಅಂಗಾಲು ನೋಡಲೇಬೇಕು, ಮೊಳೆ ಚುಚ್ಚಿಕೊಂಡು ಎರಡು ದಿನವಾಗಿದ್ದರೂ ಅವರಿಗೆ ಗೊತ್ತಿರುವುದಿಲ್ಲ. ಕಾಲು ತೊಳೆಯುವಾಗ ಎಲ್ಲರಿಗೂ ನಾನು ಐದು ಪ್ರಶ್ನೆ ಕೇಳುತ್ತೇನೆ: ಉರಿ, ಜೋಮು, ಸೆಳೆತ, ನಡುಕ, ಸುಸ್ತು. ಅವರ ಉತ್ತರ ಬರೆಯುತ್ತೇನೆ. ಅಷ್ಟೇ ನನ್ನ ಪಾಂಡಿತ್ಯ.

ಚಿಕ್ಕಮ್ಮ ಚೆನ್ನಾಗಿದ್ದಾಳೆ. ಶಾಲೆಯ ಸಮವಸ್ತ್ರದ ಕಾಲ, ಬಟ್ಟೆಯ ರಾಶಿಯ ಹಿಂದೆ ತಲೆ ಮಾತ್ರ ಕಾಣುತ್ತದೆ. ಸಕ್ಕರೆ ಹತೋಟಿಯಲ್ಲಿದೆ. ನಿನ್ನ ಪತ್ರ ಓದಿ ಹೇಳಿದೆ. "ನಮ್ಮಿಬ್ಬರಲ್ಲಿ ಯಾರು ಬರಿಗಾಲಲ್ಲಿ ಬೆಳೆದದ್ದು ಅಂತ ಅವಳನ್ನೇ ಕೇಳು" ಅಂದಳು.

ಅಣ್ಣ


ಜುಲೈ 9

ಅಣ್ಣಾ,

ನಿನ್ನ ನೋಟುಬುಕ್ಕುಗಳು ನಮ್ಮ ಕೋಣೆಯಲ್ಲಿ ಜಾತ್ರೆ ಎಬ್ಬಿಸಿವೆ. ಮೂವರು ಕೂತು ಎಲ್ಲವನ್ನೂ ಟೈಪು ಮಾಡಿದೆವು. 61ನೇ ನಂಬರಿನವಳು ಈಗ ಇಲ್ಲಿ ಎಲ್ಲರಿಗೂ ಅಚ್ಚುಮೆಚ್ಚು. 'ಕಾಲೇನೋ ನಂದೇ, ಬಾಡಿಗೆಗೆ ಕೊಟ್ಟು ಮರೆತ ಹಾಗಿದೆ' ಅಂದಳಂತಲ್ಲ, ಅದನ್ನು ನನ್ನ ಪಕ್ಕದ ಮೇಜಿನವನು ಬೋರ್ಡಿನ ಮೇಲೆ ಬರೆದಿಟ್ಟಿದ್ದಾನೆ. ಯಾರವಳು? ಹೆಸರು ಬೇಡ, ಎಂಥವಳು ಅಂತ ಹೇಳು.

ಕೆಲಸ ಹೇಗೆ ನಡೆದಿದೆ ಅಂತ ಚಿಕ್ಕಮ್ಮನಿಗೂ ಅರ್ಥವಾಗುವ ಹಾಗೆ ಹೇಳುತ್ತೇನೆ. ನಮ್ಮ ಭಾಷೆಯ ಪದಗಳಿಗೆ ಬಾಲ ಉದ್ದ. ಸೆಳೆತ, ಸೆಳೆತಕ್ಕೆ, ಸೆಳೆತದಿಂದ, ಸೆಳೆತವೂ, ಸೆಳೆತವಂತೆ: ನಮಗೆ ಎಲ್ಲವೂ ಒಂದೇ, ಕಂಪ್ಯೂಟರಿಗೆ ಐದು ಬೇರೆ ಬೇರೆ ಪದ. ಹಾಗಾಗಿ ಬಾಲ ಕತ್ತರಿಸಿ ತಲೆಯನ್ನಷ್ಟೇ ಉಳಿಸುವ ಒಂದು ಪ್ರೋಗ್ರಾಮು ಬರೆದೆ. ಚಿಕ್ಕಮ್ಮ ಹೊಲಿಗೆ ಮುಗಿಸಿ ನೂಲಿನ ಎಳೆ ಕತ್ತರಿಸುತ್ತಾಳಲ್ಲ, ಹಾಗೆ. ಆಮೇಲೆ ಯಾವ ಪದ ಯಾರ ಬಾಯಲ್ಲಿ ಎಷ್ಟು ಸಲ, ಯಾವ ಪದದ ಜತೆ ಬಂದಿದೆ ಅಂತ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಫಲಿತಾಂಶ ಚೆನ್ನಾಗಿ ಬರುತ್ತಿದೆ. ಚೆನ್ನಾಗಿ ಅಂದರೆ, ನಾನು ಮೊದಲ ಸಲ ನೋಡಿದಾಗ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತುಬಿಟ್ಟೆ.

ಆಗಸ್ಟ್ 18ರೊಳಗೆ ಪ್ರಬಂಧ ಸಮ್ಮೇಳನಕ್ಕೆ ಹೋಗಬೇಕು ಅಂತ ನಮ್ಮ ಗೈಡ್ ಹಠ ಹಿಡಿದಿದ್ದಾರೆ. ಊಟ ಎಲ್ಲಿ, ಯಾವಾಗ ಮಾಡುತ್ತಿದ್ದೇನೆ ಅಂತ ಕೇಳಬೇಡ.

ತಂಗಿ


ಜುಲೈ 20

ಕಡ್ಡೀ,

61 ಎಂಥವಳು ಅಂತ ಕೇಳಿದ್ದೀಯ. ಬಾಯಿ ಜೋರು. ಎಡಗಾಲಿನ ಹೆಬ್ಬೆರಳಿನ ಕೆಳಗೆ ಗಾಯ, ಮಾರ್ಚಿನಿಂದ ಇದೆ. ತೊಳೆಯುವಾಗ ಮುಖ ಗೋಡೆಯ ಕಡೆ ತಿರುಗಿಸಿ ಕೂರುತ್ತಾಳೆ. ನೋವಿಲ್ಲ, ಸೆಳೆತವಿಲ್ಲ, ನಡುಕವಿಲ್ಲ, ದಿನಾ ಇದೇ ಉತ್ತರ. ನನಗೆ ನಂಬಿಕೆಯಿಲ್ಲ. ಇಂಥವರು ಬಿದ್ದು ಮೂಗು ಒಡೆದುಕೊಂಡರೂ ನೆಲ ನೋಡುತ್ತಿದ್ದೆ ಅನ್ನುತ್ತಾರೆ.

ಡಾಕ್ಟರಮ್ಮ ಒಂದು ಕೆಲಸ ಹೇಳಿದ್ದಾರೆ. ನಿನ್ನ ಯಂತ್ರ ಕೊರತೆ ಇರಬಹುದು ಅನ್ನುವವರ ನಂಬರುಗಳ ಪಟ್ಟಿ ಕಳಿಸಿದರೆ, ಅವರ ರಕ್ತವನ್ನಷ್ಟೇ ಹೊರಗಿನ ಲ್ಯಾಬಿಗೆ ಕಳಿಸುತ್ತಾರಂತೆ. ಮೆಗ್ನೀಸಿಯಂ ಪರೀಕ್ಷೆ ಇಲ್ಲಿ ಆಗುವುದಿಲ್ಲ, ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ಬೇಗ ಕಳಿಸು. ಗಾಯ ಕಾಯುವುದಿಲ್ಲ.

ಚಿಕ್ಕಮ್ಮ ಕೇಳಿದಳು, ಪರೀಕ್ಷೆ ಯಾವಾಗ ಮುಗಿಯುತ್ತದೆ ಅಂತ. ಪರೀಕ್ಷೆಯಲ್ಲ, ಪ್ರಬಂಧ ಅಂದೆ. "ಎರಡೂ ಒಂದೇ, ಎರಡರಲ್ಲೂ ಅವಳು ಬಡಕಲಾಗ್ತಾಳೆ" ಅಂದಳು.

ಅಣ್ಣ


ಆಗಸ್ಟ್ 5

ಅಣ್ಣಾ,

ಪಟ್ಟಿ ಇದರ ಜತೆಗಿದೆ. ಮೂವತ್ತೇಳು ನಂಬರುಗಳು. ಅನುಮಾನ ಹೆಚ್ಚಿರುವವರು ಮೇಲೆ, ಕಡಿಮೆಯಿರುವವರು ಕೆಳಗೆ.

ಮೊದಲನೆಯದು ಯಾವುದು ನೋಡು. 61! ಅವಳ ಮಾತಿನಲ್ಲಿ ನಂಬಿಕೆಯಿಲ್ಲ ಅಂತ ನೀನು ಅಂದದ್ದು ಸರಿಯಾಗಿತ್ತು. ನಿನ್ನ ಕಿವಿಗೆ ಬಂದ ಅನುಮಾನ ಯಂತ್ರಕ್ಕೂ ಬಂದಿದೆ. ಗೈಡ್‌ಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಮನುಷ್ಯರು ಮುಚ್ಚಿಟ್ಟದ್ದನ್ನೂ ಇದು ಹಿಡಿಯುತ್ತದೆ ಅಂತ ಪ್ರಬಂಧದಲ್ಲಿ ಒಂದು ಇಡೀ ಪ್ಯಾರಾ ಹಾಕುತ್ತಿದ್ದೇವೆ.

ಇದು ಪರೀಕ್ಷೆಗೆ ಕಳಿಸಲು ಮಾತ್ರ, ಇದನ್ನು ನೋಡಿ ಯಾರಿಗೂ ಮಾತ್ರೆ ಕೊಡಬಾರದು ಅಂತ ಬರೆಯಬೇಕಂತೆ. ಬರೆದಿದ್ದೇನೆ. ನಿನಗೆ ಗೊತ್ತಿರುವುದೇ.

ತಂಗಿ


ಆಗಸ್ಟ್ 19

ಕಡ್ಡೀ,

ಹನ್ನೊಂದು ಜನರ ವರದಿ ಬಂದಿದೆ. ಒಂಬತ್ತು ಜನಕ್ಕೆ ಮೆಗ್ನೀಸಿಯಂ ಇರಬೇಕಾದಷ್ಟೇ ಇದೆ. ಇಬ್ಬರಿಗೆ ಸ್ವಲ್ಪ ಕಡಿಮೆ. ಕಣ್ಣು ಮುಚ್ಚಿ ಹನ್ನೊಂದು ಜನರನ್ನು ಆರಿಸಿದ್ದರೂ ಇಷ್ಟೇ ಸಿಗುತ್ತಿತ್ತು ಅಂದರು ಡಾಕ್ಟರಮ್ಮ. ನಿನ್ನ ಯಂತ್ರಕ್ಕೆ ಒಂದು ಕಿವಿ ಮಂದವೇನೋ, ನೋಡು.

61ರದು ಇನ್ನೂ ಬಂದಿಲ್ಲ. ಸೂಜಿ ಅಂದರೆ ಆಗದು, ಇವತ್ತು ಬೆಳಿಗ್ಗೆ ಅಂತೂ ಒಂದು ಸಲಕ್ಕೆ ತೋಳು ಚಾಚಿದಳು. ಆದರೆ ಗಾಯ ಸ್ವಲ್ಪ ವಾಸಿ ಅನಿಸುತ್ತಿದೆ, ಅಂಚು ಕೆಂಪಾಗುತ್ತಿದೆ. ಹಾಗಾಗಿ ಅವಳ ವಿಷಯದಲ್ಲಿ ನಿನ್ನ ಯಂತ್ರ ಸರಿಯೇ ಇರಬೇಕು.

ನಿನ್ನ ಪ್ರಬಂಧ ಹೋಯಿತೇ? ನೀನು ಸಂತೋಷವಾಗಿದ್ದೀಯ ಅಂತ ಚಿಕ್ಕಮ್ಮನಿಗೆ ಹೇಳಿದ್ದೇನೆ.

ಅಣ್ಣ


ಆಗಸ್ಟ್ 26

ಅಣ್ಣಾ,

ನಿನ್ನ ಪತ್ರ ಓದಿ ಬೇಸರವಾಯಿತು. ಕಿವಿ ಮಂದ ಅಂತ ತಮಾಷೆ ಮಾಡುವುದು ಸುಲಭ. ದೇಹದ ಮೆಗ್ನೀಸಿಯಂ ಬಹುಪಾಲು ಮೂಳೆಯಲ್ಲೂ ಸ್ನಾಯುವಿನಲ್ಲೂ ಇರುತ್ತದೆ, ರಕ್ತದಲ್ಲಿರುವುದು ಚಿಟಿಕೆಯಷ್ಟು. ರಕ್ತದಲ್ಲಿ ಸರಿ ಕಂಡರೂ ಒಳಗೆ ಕೊರತೆ ಇರಬಹುದು. ಇದನ್ನು ನಾನು ಹೇಳುತ್ತಿಲ್ಲ, ಪುಸ್ತಕಗಳಲ್ಲೇ ಇದೆ. ಹನ್ನೊಂದು ಜನರಿಂದ ಏನೂ ಗೊತ್ತಾಗುವುದಿಲ್ಲ.

ಪ್ರಬಂಧ ಹದಿನೆಂಟಕ್ಕೆ ಹೋಯಿತು. ಕೆಲವು ಸಣ್ಣಪುಟ್ಟ ವಿಷಯಗಳನ್ನು ಮತ್ತೊಮ್ಮೆ ಪರಿಶೀಲಿಸುತ್ತಿದ್ದೇನೆ. ಮುಗಿದ ಮೇಲೆ ಬರೆಯುತ್ತೇನೆ. ಉಳಿದ ಇಪ್ಪತ್ತಾರು ಜನರ ರಕ್ತ ಕಳಿಸಲು ಅವಸರ ಬೇಡ ಅಂತ ಡಾಕ್ಟರಮ್ಮನಿಗೆ ಹೇಳು.

61ರ ಗಾಯ ವಾಸಿಯಾಗುತ್ತಿರುವುದು ಸಂತೋಷ.

ತಂಗಿ


ಸೆಪ್ಟೆಂಬರ್ 9

ಅಣ್ಣಾ,

ಮೊನ್ನೆ ಎರಡು ದಿನ ನಿನ್ನ ಎದುರೇ ಇದ್ದೆ. ಒಂದೇ ಬೆಂಚಿನ ಮೇಲೆ ಕೂತಿದ್ದೆವು, ಒಂದೇ ಫ್ಲಾಸ್ಕಿನ ಚಹಾ ಕುಡಿದೆವು. ಹೇಳಲಾಗಲಿಲ್ಲ. ವಾಪಸು ಬಂದು ಚೀಲವನ್ನೂ ಬಿಚ್ಚದೆ ಬರೆಯುತ್ತಿದ್ದೇನೆ.

ಮೂರನೇ ತಾರೀಕು ನೀನು ಫೋನು ಮಾಡಿ "ಚಿಕ್ಕಮ್ಮನನ್ನ ಅಡ್ಮಿಟ್ ಮಾಡಿದೀವಿ, ಈಗ ಪರವಾಗಿಲ್ಲ, ಆದ್ರೂ ಬಾ" ಅಂದಾಗ ಸಕ್ಕರೆ ಇಳಿದಿರಬೇಕು ಅಂದುಕೊಂಡೆ. ಬಂದಾಗ ಅವಳ ಕುತ್ತಿಗೆಗೆ ನಳಿಕೆ ಹಾಕಿ ರಕ್ತ ಶುದ್ಧಿ ಮಾಡುತ್ತಿದ್ದರು. ರೆಪ್ಪೆ ಎತ್ತಲೂ ಶಕ್ತಿಯಿರಲಿಲ್ಲ. ಮೆಗ್ನೀಸಿಯಂ ಮಿತಿಮೀರಿ ಹೀಗಾಗಿದೆ, ಮೂತ್ರಪಿಂಡ ಸೋತಿದ್ದರಿಂದ ಅದು ಹೊರಗೆ ಹೋಗದೆ ಒಳಗೇ ತುಂಬಿಕೊಂಡಿದೆ, ಇನ್ನೊಂದು ದಿನ ತಡವಾಗಿದ್ದರೆ ಉಸಿರೇ ನಿಲ್ಲುತ್ತಿತ್ತು ಅಂತ ಡಾಕ್ಟರಮ್ಮ ಹೇಳಿದರು. ಅವಳಿಗೆ ಮೆಗ್ನೀಸಿಯಂ ಕೊಟ್ಟವರು ಯಾರು ಅಂತ ನಾನು ಕೇಳಿದೆ. ನೀನು ಕಿಟಕಿಯ ಕಡೆ ನೋಡಿದೆ.

ಆಮೇಲೆ ನಿನ್ನ ಕೋಣೆಗೆ ಟವೆಲು ತರಲು ಹೋದಾಗ ಮೇಜಿನ ಮೇಲೆ ಹೊಸ ನೋಟುಬುಕ್ಕು ತೆರೆದಿತ್ತು. ಅದರಲ್ಲಿ ಹೆಸರಿನ ಮೇಲೆ ಕಪ್ಪು ಬಳಿದಿರಲಿಲ್ಲ. ಚಿಕ್ಕಮ್ಮನ ಹೆಸರು, ಪಕ್ಕದಲ್ಲಿ 61.

ಮಾರ್ಚಿನಿಂದ ಗಾಯವಿತ್ತು. ನನಗೆ ಹೇಳಬೇಡ ಅಂತ ಅವಳೇ ಆಣೆ ಹಾಕಿಸಿದ್ದಳು ಅಂತ ನರ್ಸಮ್ಮ ಹೇಳಿದರು. ಅದಕ್ಕೆ ನಿನ್ನ ಮೇಲೆ ನನಗೆ ಕೋಪವಿಲ್ಲ. ಕೋಪ ಮಾಡಿಕೊಳ್ಳುವ ಹಕ್ಕೂ ಇಲ್ಲ. ಈಗ ನನ್ನದು ಕೇಳು.

ಪಟ್ಟಿ ತಪ್ಪು. ಪೂರ್ತಿ ತಪ್ಪು.

ಬಾಲ ಕತ್ತರಿಸುವ ಪ್ರೋಗ್ರಾಮು ಸೆಳೆತಕ್ಕೆ, ಸೆಳೆತದಿಂದ ಎಲ್ಲದರ ಬಾಲ ಕತ್ತರಿಸಿತು. 'ಸೆಳೆತವಿಲ್ಲ' ಅನ್ನುವುದರ ಬಾಲವನ್ನೂ ಕತ್ತರಿಸಿತು. ಉಳಿದದ್ದು ಸೆಳೆತ. ನಡುಕವಿಲ್ಲ ಅಂದರೆ ನಡುಕ. ಯಾರು ಹೆಚ್ಚು ಸಲ ಇಲ್ಲ ಅಂದರೋ ಅವರು ಅಷ್ಟು ಮೇಲೇರಿದರು. ನೀನು ಕಳಿಸಿದ ನೋಟುಬುಕ್ಕಿನಲ್ಲಿ ಚಿಕ್ಕಮ್ಮ ಮೂರು ತಿಂಗಳು ದಿನಾ ಇಲ್ಲ ಅಂದಿದ್ದಾಳೆ, ಅದಕ್ಕೇ ಎಲ್ಲರಿಗಿಂತ ಮೇಲೆ. ನಿಜವಾಗಿ ಸೆಳೆತ ಇದ್ದವರು ಸೆಳೆತ ಅನ್ನುವ ಪದವನ್ನೇ ಬಳಸಿರಲಿಲ್ಲ. 'ಮೀನಖಂಡ ಗಂಟು ಕಟ್ಟುತ್ತೆ', 'ಯಾರೋ ಹಗ್ಗ ಹಾಕಿ ಎಳೆದ ಹಾಗೆ' ಅಂತ ಅಂದಿದ್ದರು. ಸೆಳೆತ ಅನ್ನುವುದು ನಿನ್ನ ಪ್ರಶ್ನೆಯ ಪದ, ಅವರ ಉತ್ತರದ ಪದವಲ್ಲ. ಇಲ್ಲ ಅನ್ನುವವರಷ್ಟೇ ನಿನ್ನ ಪದವನ್ನು ನಿನಗೇ ವಾಪಸು ಕೊಡುತ್ತಿದ್ದರು.

ಇಲ್ಲ ಅಂದವಳನ್ನು ಯಂತ್ರ ಹೇಗೆ ಹಿಡಿಯಿತು ಅಂತ ನನಗೆ ಆ ದಿನವೇ ಅನುಮಾನ ಬರಬೇಕಿತ್ತು. ಹೆಮ್ಮೆ ಬಂತು.

ಇದು ನನಗೆ ಗೊತ್ತಾದದ್ದು ಆಗಸ್ಟ್ 20ರಂದು. ಭಾಷಣಕ್ಕೆ ಉದಾಹರಣೆ ಆರಿಸಲು ನಿನ್ನ ಹಾಳೆಗಳನ್ನು ಮೊದಲ ಸಲ ಸಾಲುಸಾಲಾಗಿ ಓದುತ್ತಿದ್ದೆ. ಪ್ರಬಂಧ ಹೋಗಿ ಎರಡು ದಿನವಾಗಿತ್ತು. ನೀರು ಕುಡಿಯಲು ಎದ್ದೆ, ಕುಡಿಯದೆ ವಾಪಸು ಬಂದೆ. ಯಾರಿಗೂ ಹೇಳಲಿಲ್ಲ. ಇಪ್ಪತ್ತಾರಕ್ಕೆ ನಿನಗೆ ಬರೆದ ಪತ್ರದಲ್ಲಿ ಸಣ್ಣಪುಟ್ಟ ವಿಷಯ ಅಂದೆನಲ್ಲ, ಅದು ಇದೇ. ಮೂಳೆ, ಸ್ನಾಯು ಅಂತ ನಿನ್ನ ಬಾಯಿ ಮುಚ್ಚಿಸಿದೆ. ಅವತ್ತೇ ಒಂದು ಫೋನು ಮಾಡಿದ್ದರೆ ಚಿಕ್ಕಮ್ಮನಿಗೆ ಕುತ್ತಿಗೆಯ ನಳಿಕೆ ಬೇಕಾಗುತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಗೈಡ್‌ಗೆ ಹೇಳಿ ಪ್ರಬಂಧ ವಾಪಸು ಪಡೆಯುತ್ತೇನೆ.

ತಂಗಿ


ಸೆಪ್ಟೆಂಬರ್ 30

ಅಣ್ಣಾ,

ಮೂರು ವಾರವಾಯಿತು. ಫೋನು ಮಾಡಿದರೆ ನರ್ಸಮ್ಮ ಎತ್ತುತ್ತಾರೆ, ಚಿಕ್ಕಮ್ಮ ಮನೆಗೆ ಬಂದಳು, ಒಂದು ಲೋಟ ಗಂಜಿ ಕುಡಿದಳು ಅಂತ ಹೇಳುತ್ತಾರೆ. ನೀನು ಡ್ರೆಸ್ಸಿಂಗ್‌ನಲ್ಲಿದ್ದೀಯ ಅನ್ನುತ್ತಾರೆ. ದಿನದ ಯಾವ ಹೊತ್ತಿಗೆ ಮಾಡಿದರೂ ಡ್ರೆಸ್ಸಿಂಗ್‌ನಲ್ಲೇ.

ಪ್ರಬಂಧ ವಾಪಸಾಯಿತು. ಗೈಡ್ ಬಾಗಿಲು ಮುಚ್ಚಿ ಕೂರಿಸಿಕೊಂಡು ಕೇಳಿದರು, ಒಂದು ತಿದ್ದುಪಡಿ ಹಾಕಿದ್ದರೆ ಸಾಕಾಗುತ್ತಿರಲಿಲ್ಲವೇ ಅಂತ. ತಿದ್ದಲು ಏನೂ ಉಳಿದಿಲ್ಲ ಸಾರ್ ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನೀನಾದರೂ ಬೈದು ಬರೆ. ಕೆಳಗಿನ ಅಂಚೆ ಡಬ್ಬಿಗೆ ದಿನಕ್ಕೆ ನಾಲ್ಕು ಸಲ ಹೋಗುತ್ತೇನೆ. ಅಂಚೆಯವರು ಬರುವುದು ಒಂದೇ ಸಲ ಅಂತ ಗೊತ್ತಿದ್ದೂ ಹೋಗುತ್ತೇನೆ. ಒಂದು ಸಾಲು ಸಾಕು. ನಿನ್ನ ಮುಖ ನೋಡುವುದಿಲ್ಲ ಅಂತ ಬರೆದರೂ ಸರಿ.

ತಂಗಿ


ಅಕ್ಟೋಬರ್ 13

ಕಡ್ಡೀ,

ನಿನ್ನ ಮೇಲೆ ಕೋಪದಿಂದ ಸುಮ್ಮನಿದ್ದೇನೆ ಅಂತ ತಿಳಿದಿದ್ದೀಯ. ಅಲ್ಲ. ನಿನ್ನ ಪತ್ರಕ್ಕೆ ಉತ್ತರ ಬರೆಯಬೇಕಾದರೆ ನಾನೂ ಅಷ್ಟೇ ನಿಜ ಬರೆಯಬೇಕಿತ್ತು. ಅದಕ್ಕೆ ಇಷ್ಟು ದಿನ ಹಿಡಿಯಿತು. ನಾಲ್ಕು ಸಲ ಬರೆದು ಹರಿದೆ.

ಪಟ್ಟಿ ಬಂದ ದಿನ 61 ಮೊದಲು ಇರುವುದು ನೋಡಿ ನನಗೆ ಸಂತೋಷವಾಯಿತು. ನಾಲ್ಕು ತಿಂಗಳಿಂದ ಅವಳ ಬಾಯಿ ಬಿಡಿಸಲು ಹೆಣಗಾಡಿದ್ದೆ. ಕೊನೆಗೂ ಸುಳ್ಳು ಸಿಕ್ಕಿಬಿತ್ತು ಅಂದುಕೊಂಡೆ. ಯಾರಿಗೂ ಮಾತ್ರೆ ಕೊಡಬಾರದು ಅಂತ ನೀನೂ ಬರೆದಿದ್ದೆ, ಡಾಕ್ಟರಮ್ಮನೂ ಹೇಳಿದ್ದರು. ಆ ಸಂಜೆಯೇ ಅಂಗಡಿಯಿಂದ ಮೆಗ್ನೀಸಿಯಂ ಮಾತ್ರೆ ತಂದೆ. ದಿನಕ್ಕೆ ಮೂರು, ಶಕ್ತಿಯ ಮಾತ್ರೆ ಅಂತ ಹೇಳಿ ಕೊಟ್ಟೆ. ನೀನು ಮೊದಲ ಪತ್ರದಲ್ಲೇ ಬರೆದಿದ್ದೆಯಲ್ಲ, ಕೊರತೆಯಿದ್ದರೆ ಗಾಯ ಮಾಯುವುದಿಲ್ಲ ಅಂತ. ಇಪ್ಪತ್ತು ವರ್ಷ ಬೇರೆಯವರ ಕಾಲು ತೊಳೆದವನಿಗೆ ಮನೆಯ ಕಾಲೊಂದು ವಾಸಿಯಾಗದೆ ಇರುವುದು ಹೇಗಿರುತ್ತದೆ ಅಂತ ನಿನಗೆ ಹೇಳಲಾರೆ. ಬೇರೆ ಯಾರಿಗಾದರೂ ಹಾಗೆ ಪರೀಕ್ಷೆಯಿಲ್ಲದೆ ಕೊಡುತ್ತಿದ್ದೆನೇ? ಕೊಡುತ್ತಿರಲಿಲ್ಲ.

ಇದರ ಮುಂದಿನದೇ ಬರೆಯಲಾಗದೆ ಹರಿದದ್ದು.

ಆಗಸ್ಟ್ 19ಕ್ಕೆ ಅವಳ ರಕ್ತ ತೆಗೆದೆವಲ್ಲ, ಮೆಗ್ನೀಸಿಯಂ ಹೊರಗಿನ ಲ್ಯಾಬಿಗೆ ಹೋಯಿತು, ಮೂತ್ರಪಿಂಡದ್ದು ಇಲ್ಲೇ ಆಯಿತು. ಅದರ ವರದಿ 23ಕ್ಕೆ ನನ್ನ ಕೈಗೆ ಬಂತು. ಚೆನ್ನಾಗಿರಲಿಲ್ಲ. ಆ ಅಂಕಿ ನೋಡಿದರೆ ಮೆಗ್ನೀಸಿಯಂ ನಿಲ್ಲಿಸಬೇಕು ಅಂತ ನನಗೆ ಗೊತ್ತು. ಡ್ರೆಸ್ಸರ್ ಆದರೇನು, ಅಷ್ಟು ಗೊತ್ತು. ಆದರೆ ಅದೇ ಬೆಳಿಗ್ಗೆ ಬ್ಯಾಂಡೇಜು ಬಿಚ್ಚಿದಾಗ ಗಾಯದ ಅಂಚು ಕೆಂಪಾಗಿ, ಹಸಿಯಾಗಿ ಕಂಡಿತ್ತು. ಐದು ತಿಂಗಳಲ್ಲಿ ಅಷ್ಟು ಕೆಂಪು ಅದೇ ಮೊದಲ ಸಲ. ಆ ಕೆಂಪು ನೋಡಿದವನಿಗೆ ಅಂಕಿ ಕಾಣಲಿಲ್ಲ. ವರದಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟೆ. ಇನ್ನೊಂದು ವಾರ ನೋಡೋಣ ಅಂದುಕೊಂಡೆ. ಮೂರರ ಬದಲು ಎರಡು ಕೊಟ್ಟೆ, ಅದೇ ದೊಡ್ಡ ಎಚ್ಚರಿಕೆ ಅಂತ ನನಗೆ ನಾನೇ ಹೇಳಿಕೊಂಡೆ.

ಸೆಪ್ಟೆಂಬರ್ ಒಂದಕ್ಕೆ ಅವಳು ಮಿಷನ್ನಿನ ಮುಂದೆಯೇ ಬಟ್ಟೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಸುಸ್ತಿಗೆ ನಿದ್ದೆ ಹೋಗಿದ್ದಾಳೆ ಅಂತ ಅವಳ ಕಾಲಿಗೆ ಚಪ್ಪಲಿ ಹಾಕಿ ಆಸ್ಪತ್ರೆಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಹಾಗೇ ಇದ್ದಳು. ನಾಡಿ ನಿಮಿಷಕ್ಕೆ ನಲವತ್ತು ಕೂಡ ಇರಲಿಲ್ಲ.

ನೀನು ಆಗಸ್ಟ್ 20ಕ್ಕೆ ಫೋನು ಮಾಡಿದ್ದರೂ ನಾನು ನಿಲ್ಲಿಸುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಯಂತ್ರ ತಪ್ಪಿರಬಹುದು, ಗಾಯ ತಪ್ಪಲ್ಲ ಅನ್ನುತ್ತಿದ್ದೆನೇನೋ. ಡಾಕ್ಟರಮ್ಮನಿಗೆ ಎಲ್ಲ ಹೇಳಿದ್ದೇನೆ. ಎರಡು ತಿಂಗಳು ಡ್ರೆಸ್ಸಿಂಗ್ ಬಿಟ್ಟು ಸ್ಟೋರಿನಲ್ಲಿ ಕೂರಿಸಿದ್ದಾರೆ. ನರ್ಸಮ್ಮ ಫೋನಿನಲ್ಲಿ ನಿನಗೆ ಸುಳ್ಳು ಹೇಳಿದರು, ಪಾಪ, ನನ್ನ ಮರ್ಯಾದೆಗೆ. ಇಲ್ಲಿ ಕೂತು ಹತ್ತಿಯ ಉಂಡೆ ಎಣಿಸುತ್ತೇನೆ. ಕೈಗಳಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ.

ಅಣ್ಣ


ಅಕ್ಟೋಬರ್ 24

ಅಣ್ಣಾ,

ನಿನ್ನ ಪತ್ರವನ್ನು ಮೆಟ್ಟಿಲ ಮೇಲೆಯೇ ಕೂತು ಓದಿದೆ. ಓದಿ ಮುಗಿದಾಗ ಮನಸ್ಸು ಹಗುರವಾಯಿತು, ತಪ್ಪು ನನ್ನೊಬ್ಬಳದೇ ಅಲ್ಲ ಅಂತ. ಹಗುರವಾದದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಎರಡನ್ನೂ ಬರೆಯುತ್ತಿದ್ದೇನೆ. ನೀನು ಬರೆದ ಮೇಲೆ ನಾನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಇಪ್ಪತ್ತಾರೂ ನೋಟುಬುಕ್ಕುಗಳನ್ನು ಈ ಸಲ ನನ್ನ ಕಣ್ಣಿನಿಂದಲೇ ಓದಿದೆ. ದಿನಕ್ಕೆ ಎಪ್ಪತ್ತು ಪುಟ. ಯಾವುದು ನಿನ್ನ ಪ್ರಶ್ನೆ, ಯಾವುದು ಅವರ ಮಾತು, ಯಾವುದು ಇಲ್ಲ, ಯಾವುದು ಇಲ್ಲವೆಂದರೂ ಇದೆ ಅಂತ ಸಾಲಿಗೊಂದು ಗುರುತು ಹಾಕಿದೆ. ಬಾಲ ಕತ್ತರಿಸುವುದನ್ನು ಬಿಟ್ಟು ಯಂತ್ರಕ್ಕೆ ಮತ್ತೆ ಮೊದಲಿನಿಂದ ಕಲಿಸುತ್ತಿದ್ದೇನೆ. ಹೊಸ ಪಟ್ಟಿಯಲ್ಲಿ ಒಂಬತ್ತೇ ಜನ. ಅದನ್ನು ನಿನಗೆ ಕಳಿಸುತ್ತಿಲ್ಲ. ಡಾಕ್ಟರಮ್ಮನಿಗೆ ನೇರವಾಗಿ ಕಳಿಸಿದ್ದೇನೆ, ಮೊದಲು ಮೂತ್ರಪಿಂಡ, ಆಮೇಲೆ ಮೆಗ್ನೀಸಿಯಂ, ಎರಡೂ ಬರುವವರೆಗೆ ಏನೂ ಇಲ್ಲ ಅಂತ ಬರೆದು. ತಪ್ಪು ತಿಳಿಯಬೇಡ.

18ನೇ ನಂಬರಿನ ನಿವೃತ್ತ ಮೇಷ್ಟ್ರನ್ನು ಮಾತ್ರ ಬೇಗ ನೋಡಲು ಹೇಳು. ಆರು ವರ್ಷದಿಂದ ದಿನಾ ಹೊಟ್ಟೆಯುರಿಯ ಮಾತ್ರೆ ನುಂಗುತ್ತಿದ್ದಾರೆ, ಅದೂ ಮೆಗ್ನೀಸಿಯಂ ಇಳಿಸುತ್ತದೆ. ಸೆಳೆತ ಅಂತ ಅವರು ಒಂದು ಸಲವೂ ಅಂದಿಲ್ಲ. 'ಮನೆಪಾಠಕ್ಕೆ ಸೀಮೆಸುಣ್ಣ ಹಿಡಿದ್ರೆ ಬೆರಳು ಬಿಡಿಸೋಕೇ ಬರಲ್ಲ' ಅಂದಿದ್ದಾರೆ. ಹಳೆಯ ಪಟ್ಟಿಯಲ್ಲಿ ಅವರು ಇರಲೇ ಇಲ್ಲ.

ಚಿಕ್ಕಮ್ಮನಿಗೆ ಗೊತ್ತೇ? ನಾವಿಬ್ಬರೂ ಮಾಡಿದ್ದು?

ತಂಗಿ


ನವೆಂಬರ್ 8

ಕಡ್ಡೀ,

ಗೊತ್ತು. ಹೋದ ಭಾನುವಾರ ಹೇಳಿದೆ.

ನಿನ್ನ ಸೆಪ್ಟೆಂಬರಿನ ಪತ್ರ ಓದಿ ಹೇಳಿದೆ, ನಾನು ನಿನಗೆ ಬರೆದದ್ದನ್ನೂ ನೆನಪಿದ್ದ ಮಟ್ಟಿಗೆ ಹೇಳಿದೆ. ಅವಳು ಗುಂಡಿ ಹೊಲಿಯುತ್ತಿದ್ದಳು. ಕಣ್ಣು ಈಗ ಮಂಜಾಗಿದೆ, ಬೆರಳಿನಿಂದಲೇ ತಡವಿ ಹೊಲಿಯುತ್ತಾಳೆ. ಪೂರ್ತಿ ಕೇಳಿದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿ ಬದಿಗಿಟ್ಟಳು.

"ನಾನು ಸೆಳೆತ ಇಲ್ಲ ಅಂದೆ" ಅಂದಳು. "ಇರ್ಲಿಲ್ಲ, ಅದಕ್ಕೇ ಇಲ್ಲ ಅಂದೆ. ನೀನೂ ನಂಬ್ಲಿಲ್ಲ, ಅವಳ ಮಿಷನ್ನೂ ನಂಬ್ಲಿಲ್ಲ."

ಇಷ್ಟು ವರ್ಷ ಎಲ್ಲದಕ್ಕೂ ಇಲ್ಲ ಇಲ್ಲ ಅಂದವಳು ನೀನೇ ಅಲ್ಲವೇ, ಯಾವುದನ್ನು ಅಂತ ನಂಬುವುದು ಅಂದೆ. ಅವಳು ಮಿಷನ್ನಿನ ಡ್ರಾಯರು ಎಳೆದು ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಹೊಟ್ಟೆಯುಬ್ಬರಕ್ಕೆ ಕುಡಿಯುವ ಬಿಳಿ ಔಷಧಿ. ಬೇಸಿಗೆಯಿಂದ ದಿನಾ ಎರಡು ಚಮಚ ಕುಡಿಯುತ್ತಿದ್ದಳಂತೆ. ಬಾಟಲಿಯ ಮೇಲೆ ಓದಿದೆ, ಅದರಲ್ಲೂ ಮೆಗ್ನೀಸಿಯಂ. ಯಾಕೆ ಹೇಳಲಿಲ್ಲ ಅಂದರೆ, ನಿನ್ನ ಐದು ಪ್ರಶ್ನೆಯಲ್ಲಿ ಅದು ಇರಲಿಲ್ಲವಲ್ಲ ಅಂದಳು. ಆ ಬಾಟಲಿಯ ವಿಷಯವನ್ನೂ ಡಾಕ್ಟರಮ್ಮನಿಗೆ ಹೇಳಿದ್ದೇನೆ.

ಮೇಷ್ಟ್ರ ವರದಿ ಬಂತು. ಮೂತ್ರಪಿಂಡ ಚೆನ್ನಾಗಿದೆ, ಮೆಗ್ನೀಸಿಯಂ ತೀರಾ ತಳ ಕಂಡಿತ್ತು, ಎದೆಬಡಿತವೂ ತಪ್ಪುತ್ತಿತ್ತು. ನಾಲ್ಕು ದಿನ ಇಟ್ಟುಕೊಂಡು ಡ್ರಿಪ್ಪಿನಲ್ಲಿ ಕೊಟ್ಟರು, ಹೊಟ್ಟೆಯುರಿಯ ಮಾತ್ರೆ ಬದಲಿಸಿದರು. ಹೋಗುವಾಗ ಸ್ಟೋರಿನ ಕಿಟಕಿಗೆ ಬಂದು ಕೈ ಬಿಚ್ಚಿ ಮುಚ್ಚಿ ತೋರಿಸಿದರು. ಉಳಿದ ಎಂಟು ಜನರಲ್ಲಿ ನಾಲ್ವರಿಗೆ ಕಡಿಮೆಯಿದೆ, ಮೂವರಿಗೆ ಇಲ್ಲ, ಒಬ್ಬರು ಬರಲೇ ಇಲ್ಲ. ಡಾಕ್ಟರಮ್ಮ ನಿನಗೆ ಬೇರೆ ಬರೆಯುತ್ತಾರಂತೆ.

ಚಿಕ್ಕಮ್ಮನ ಕಾಲಿನ ವಿಷಯ. ಆ ಕೆಂಪು ಗಾಯ ತುಂಬಿಕೊಳ್ಳುತ್ತಿದ್ದ ಕೆಂಪಾಗಿರಲಿಲ್ಲ. ಒಳಗೆ ಮೂಳೆಗೆ ಸೋಂಕು ಇಳಿದಿತ್ತು. ಹೆಬ್ಬೆರಳು ಮತ್ತು ಅದರ ಪಕ್ಕದ್ದು ತೆಗೆಯಬೇಕು, ಕಾದರೆ ಪಾದವೇ ಹೋಗುತ್ತದೆ. 20ನೇ ತಾರೀಕು ಗುರುವಾರ ಬೆಳಿಗ್ಗೆ ಎಂಟಕ್ಕೆ ಅಂತ ನಿಗದಿಯಾಗಿದೆ. ಎರಡು ಬೆರಳು ಹೋದ ಕಾಲಲ್ಲಿ ಮಿಷನ್ನು ತುಳಿಯಬಹುದೇ ಅಂತ ಮಾತ್ರ ಕೇಳಿದಳು. ತುಳಿಯಬಹುದು ಅಂದರು.

ಆದರೆ ಒಪ್ಪಿಗೆ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ. ಎರಡು ಪುಟ ಇದೆ. ನಾನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ, ಕೇಳಿಸಿಕೊಂಡು ಕಾಗದವನ್ನು ಕೈಯಿಂದ ತೆಗೆದುಕೊಂಡು ಮಡಚಿದಳು. ಡಾಕ್ಟರಮ್ಮ ಮನೆಗೇ ಬಂದು ಮಂಚದ ಪಕ್ಕ ಕೂತು ಓದಿದರು, ಅದಕ್ಕೂ ತಲೆಯಾಡಿಸಿ ಕಾಗದವನ್ನು ಮತ್ತೆ ಮಡಚಿಕೊಂಡಳು. ನೀನೇ ಬಂದು ಓದಬೇಕು ಅನ್ನುತ್ತಾಳೆ. ನಿಧಾನವಾಗಿ, ಒಂದಕ್ಷರವೂ ಬಿಡದೆ, ಯಾವ ಪದದ ಬಾಲವನ್ನೂ ಕತ್ತರಿಸದೆ. ನೀನು ಓದಿದ್ದು ಕೇಳಿ ಆಮೇಲೆ ಯೋಚಿಸುತ್ತಾಳಂತೆ.

ಕಾಗದ ಅವಳ ದಿಂಬಿನ ಕೆಳಗಿದೆ. ಬುಧವಾರ ಸಂಜೆಯೊಳಗೆ ಬಾ.

ಅಣ್ಣ